ಪಿಳ್ಳಮ್ಮ ಕಲಿತ ಉತ್ತರ

ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯನ್ನು ಓರೆಯಾಗಿ ಹಿಡಿಯುವುದು ಆದಿನಾರಾಯಣಪ್ಪನಿಗೆ ಏಪ್ರಿಲ್ ತಿಂಗಳಿಂದ ಅಭ್ಯಾಸವಾಗಿಬಿಟ್ಟಿತ್ತು. ಕೆನ್ನೆ ಕಂಡರೆ ಸಾಕು, ಗದ್ದ ಕಂಡರೆ ಸಾಕು. ಕಣ್ಣು ಕಾಣಬೇಕಾದ ಅಗತ್ಯವೇನಿದೆ? ಆದರೆ ಡಿಸೆಂಬರಿನ ಆ ಬುಧವಾರ ಬೆಳಿಗ್ಗೆ ಅವನು ಬೇಕೆಂದೇ ಕನ್ನಡಿಯನ್ನು ಕಿಟಕಿಯ ಸರಳಿಗೆ ನೇರವಾಗಿ ಸಿಕ್ಕಿಸಿ, ಅರ್ಧ ಮುಖಕ್ಕೆ ಸೋಪಿನ ನೊರೆ ಇರುವಂತೆಯೇ ತನ್ನ ಕಣ್ಣನ್ನು ತಾನು ನೋಡಿದ. ರೆಪ್ಪೆಗಳನ್ನು ನಿಧಾನವಾಗಿ ಇಳಿಸಿ ಎತ್ತಿದ. ಅದು ಹೌದು. ಆಮೇಲೆ ರೆಪ್ಪೆ ಬಡಿಯದೆ ಸುಮ್ಮನೆ ನೋಡುತ್ತ ನಿಂತ. ಅದು ಅಲ್ಲ. ಮತ್ತೆ ಇಳಿಸಿದ, ಎತ್ತಿದ. ಎಷ್ಟು ಹೊತ್ತಿನ ಕೆಲಸ ಇದು? ಒಂದು ಉಸಿರು ಕೂಡ ಬೇಕಾಗಿಲ್ಲ. ಬಿಸಿನೀರಿನ ಚೊಂಬು ತಂದಿಟ್ಟ ಹೆಂಡತಿ ಅಮ್ಮಯಮ್ಮ ಬಾಗಿಲಲ್ಲೇ ನಿಂತು ನೋಡಿ, "ಏನ್ರೀ ಅದು, ನಾಟಕಕ್ಕೆ ಬಣ್ಣ ಹಚ್ಕೊಂಡೋರ ಥರ?" ಎಂದು ನಕ್ಕಳು. ಅವನು ನಗಲಿಲ್ಲ. ಕಣ್ಣಿಗೆ ಸೋಪು ಹೋಯಿತು ಎಂದ. ಹೆಂಡತಿಯ ಹತ್ತಿರ ಇಷ್ಟು ಸಣ್ಣ ವಿಷಯಕ್ಕೂ ಸುಳ್ಳು ಹೇಳುವುದು ಈಗ ನಾಲಿಗೆಗೆ ಸಲೀಸಾಗಿತ್ತು.

ಒಂಬತ್ತೂವರೆಗೆ ತೂಬಗೆರೆ ಬಸ್ಸು ಬರಬೇಕು. ಆ ಬಸ್ಸಿನಲ್ಲಿ ಮುನಿತಾಯಮ್ಮ ತನ್ನ ಮಗಳು ಪಿಳ್ಳಮ್ಮನನ್ನು ಕರೆದುಕೊಂಡು ಬರುತ್ತಾಳೆ. ಆ ಹುಡುಗಿಯನ್ನು ಅವನು ನೇಕಾರರ ಸೊಸೈಟಿಗೆ ಕರೆದೊಯ್ದು ಸೆಕ್ರೆಟರಿ ಪಾಪಯ್ಯನ ಮುಂದೆ ನಿಲ್ಲಿಸಬೇಕು. ಇಷ್ಟೇ ಈ ದಿನದ ಕೆಲಸ. ತಾನು ನೇಯ್ಗೆ ಕಲಿಸುವ ಕಾಲೇಜಿಗೆ ಅರ್ಧ ದಿನದ ರಜೆ ಬರೆದು ಕಳಿಸಿದ್ದ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಆಗಲೇ ಮಗ್ಗಗಳು ಎದ್ದಿದ್ದವು. ಎರಡೂ ಕಡೆಯ ಮನೆಗಳೊಳಗಿಂದ ಬರುವ ಆ ಸದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿದ್ದರಿಂದ ಅದು ಅವನಿಗೆ ಕೇಳಿಸುತ್ತಲೇ ಇರಲಿಲ್ಲ; ನಿಂತರೆ ಮಾತ್ರ ಕೇಳಿಸುತ್ತಿತ್ತು. ಎಷ್ಟು ಎಳೆಗಳು ಈ ಊರಿನಲ್ಲಿ! ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸು ಮುಗಿಯುತ್ತ ಬಂದಾಗ ಕೊನೆಯ ತುದಿಗಳನ್ನು ಹಾಗೇ ಬಿಟ್ಟು, ಹೊಸ ಹಾಸಿನ ಎಳೆಗಳನ್ನು ತಂದು, ಹಳೆಯದಕ್ಕೆ ಹೊಸದನ್ನು ಒಂದೊಂದಾಗಿ ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆದು ಸೇರಿಸಬೇಕು. ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಒಂದು ತಪ್ಪಿದರೆ ಸೀರೆಯ ಉದ್ದಕ್ಕೂ ಗೀರು. ಬುದ್ಧಿವಂತರಿಗೆ ಆ ಕೆಲಸ ಬೇಸರ. ಅವರ ಮನಸ್ಸು ನೂರನೇ ಎಳೆಗೆ ಸಿನಿಮಾಕ್ಕೆ ಹೋಗುತ್ತದೆ, ಇನ್ನೂರಕ್ಕೆ ಮದುವೆಗೆ ಹೋಗುತ್ತದೆ. ಪಿಳ್ಳಮ್ಮನ ಮನಸ್ಸು ಎಲ್ಲಿಗೂ ಹೋಗುವುದಿಲ್ಲ. ಅವಳಿಗೆ ಇಪ್ಪತ್ತರ ಮೇಲೆ ಎಣಿಕೆ ಬಾರದು, ಅಮಾವಾಸ್ಯೆ ಯಾವುದು ಸೋಮವಾರ ಯಾವುದು ತಿಳಿಯದು. ಎಳೆಯ ಪಕ್ಕದ ಎಳೆ ಮಾತ್ರ ತಿಳಿಯುತ್ತದೆ.

ಇಂಥವಳನ್ನು ಕಾಲೇಜಿಗೆ ಸೇರಿಸಿದ್ದು ಹಿಂದಿನ ಪ್ರಿನ್ಸಿಪಾಲರಾದ ಚಿಕ್ಕವೆಂಕಟಪ್ಪನವರು. ಎಪ್ಪತ್ತೊಂದರಲ್ಲಿ ಅವರು ಬೆಂಗಳೂರಿನಲ್ಲಿ ಯಾವುದೋ ಸಭೆಗೆ ಹೋಗಿ ಬಂದವರು ನೇಯ್ಗೆ ವಿಭಾಗಕ್ಕೆ ನೇರವಾಗಿ ನಡೆದು ಬಂದು, "ಆದಿನಾರಾಯಣಪ್ಪ, ಬುದ್ಧಿ ಬೆಳೀದೇ ಇರೋ ಮಕ್ಕಳನ್ನ ಬೇರೆ ಕೂರಿಸಬಾರದಂತೆ ಕಣಯ್ಯ. ಎಲ್ಲರ ಜೊತೆ ಅದೇ ಬೆಂಚಲ್ಲಿ ಕೂರಿಸಿ ಒಂದು ಕಸುಬು ಕಲಿಸಬೇಕಂತೆ. ಒಬ್ಬಳನ್ನ ತಗೋ. ಅವಳು ಪಾಸಾಗಿ ಕೆಲಸಕ್ಕೆ ನಿಂತರೆ ವರ್ಷಕ್ಕೆ ನಾಲ್ಕು ಜನ. ನಿಲ್ಲದಿದ್ರೆ ನಾನು ಬಾಯಿ ಮುಚ್ಕೋತೀನಿ" ಎಂದಿದ್ದರು. ಹದಿನಾಲ್ಕು ಹುಡುಗಿಯರ ಮಧ್ಯೆ ಹದಿನೈದನೆಯವಳಾಗಿ ಪಿಳ್ಳಮ್ಮ ಬಂದು ಕುಳಿತಳು. ದಪ್ಪ ನಾಲಿಗೆ, ಸದಾ ಒದ್ದೆಯಾದ ತುಟಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಹತ್ತೊಂಬತ್ತು ವರ್ಷ. ಸ್ಟಾಫ್ ರೂಮಿನಲ್ಲಿ ಅವನಿಗೆ 'ಪೆದ್ದಮ್ಮನ ಪ್ರೊಫೆಸರ್' ಎಂದು ಹೆಸರಾಯಿತು. ಅವನೂ ಅವರ ಜೊತೆ ನಗುತ್ತಿದ್ದ. ಚಿಕ್ಕವೆಂಕಟಪ್ಪನವರಿಗೆ ಜೂನ್‌ನಲ್ಲಿ ವರ್ಗವಾಯಿತು. ಅವರ ಕುರ್ಚಿಗೆ ಬಂದವರು ಫೈಲಿನ ಮೇಲೆ 'ಇಂಥವರನ್ನು ಮುಂದೆ ಸೇರಿಸಿಕೊಳ್ಳತಕ್ಕದ್ದಲ್ಲ' ಎಂದು ಬರೆದರು. ಅದರ ಕೆಳಗೆ ಆದಿನಾರಾಯಣಪ್ಪನ ಸಹಿಯೂ ಇದೆ. ಬೀರುವಿನಲ್ಲಿ ಇನ್ನೂ ಮೂರು ಅರ್ಜಿಗಳಿವೆ. ಚನ್ನರಾಯಪಟ್ಟಣದ ಕಡೆಯ ಒಬ್ಬ ತಂದೆ ಮಗಳ ಫೋಟೋ ಕೂಡ ಅಂಟಿಸಿದ್ದಾನೆ.

ಬಸ್ಸು ಬಂತು. ಮುನಿತಾಯಮ್ಮ ಮೊದಲು ಇಳಿದು, ಮಗಳ ಕೈ ಹಿಡಿದು ಇಳಿಸಿ, ಅವಳ ಸೆರಗು ಸರಿ ಮಾಡಿ, ಆಮೇಲೆ ಅವನಿಗೆ ಕೈಮುಗಿದಳು. ಕಂಕುಳಲ್ಲಿ ಅವರೆಕಾಯಿಯ ಗಂಟು. "ಸೊಗಡಿನ ಕಾಯಿ ಮೇಷ್ಟ್ರೇ, ಬೆಳಗಿನ ಮಂಜಲ್ಲೇ ಬಿಡಿಸ್ಕೊಂಡ್ ಬಂದೆ. ಅಮ್ಮಾವ್ರಿಗೆ ಕೊಡಿ" ಎಂದಳು. ಅವನು ಬೇಡವೆಂದ. ಅವಳು ಅವನ ಕೈಗೆ ತುರುಕಿದಳು. "ನಮ್ ಹುಡುಗಿ ಪೇಲಾದ್ರೂ ನೀವು ಮರೀಲಿಲ್ವಲ್ಲ. ಇನ್ಯಾರ್ ನೆನಸ್ಕೊಂಡಾರು? ಇವ್ಳು ಇವತ್ತಿಗೂ ದಿನಾ ಬೆಳಿಗ್ಗೆ ಎದ್ದು ಜಡೆ ಹಾಕಿಸ್ಕೊಂಡು ಬಸ್ಸಿನ ಕಟ್ಟೆ ಮೇಲೆ ಕುಂತ್ಕಂತಾಳೆ ಸಾಮಿ. ಬಸ್ಸು ಬತ್ತದೆ, ಹೋಯ್ತದೆ. ಆಮೇಲೆ ಎದ್ದು ಮನೇಗ್ ಬತ್ತಾಳೆ. ಬ್ಯಾಡ ಅಂದ್ರೆ ಕೇಳಾಕಿಲ್ಲ." ಹೇಳಿ ಅವಳು ನಕ್ಕಳು, ಮಗಳ ಮೊಂಡುತನಕ್ಕೆ ಎಲ್ಲ ತಾಯಂದಿರೂ ನಗುವ ಹಾಗೆ. ಆದಿನಾರಾಯಣಪ್ಪ ಗಂಟನ್ನು ಹಿಡಿದು ನಿಂತ. ಹೊಡೆದಿದ್ದರೆ, ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವರೆಕಾಯಿಯ ವಾಸನೆ ಅವನ ಅಂಗಿಗೆಲ್ಲ ಹತ್ತಿಕೊಂಡಿತು. ಪಿಳ್ಳಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ರೆಪ್ಪೆ ಇಳಿಸಿ ಎತ್ತಿದ. ಅವಳ ಮುಖ ಅರಳಿತು. "ಸಾ" ಎಂದಳು.

ಆ ನೋಟವನ್ನು ಕಲಿಸಿದ್ದು ಅವನೇ. ಸೇರಿದ ಹೊಸದರಲ್ಲಿ ಯಾರು ಏನು ಕೇಳಿದರೂ ಪಿಳ್ಳಮ್ಮ ಹೂಂ ಎನ್ನುತ್ತಿದ್ದಳು. ಕಾಫಿ ಕುಡಿದ್ಯಾ? ಹೂಂ. ನಿನಗೆ ಮದುವೆ ಆಗಿದ್ಯಾ? ಹೂಂ. ಒಂದು ದಿನ ಒಬ್ಬಳ ಕತ್ತರಿ ಕಾಣದೆ ಹೋಗಿ, ನೀನು ಕದ್ದ್ಯಾ ಎಂದರೆ ಅದಕ್ಕೂ ಹೂಂ ಎಂದು ಏಟು ತಿಂದಳು. ಕತ್ತರಿ ಆಮೇಲೆ ನೂಲಿನ ಬುಟ್ಟಿಯಲ್ಲಿ ಸಿಕ್ಕಿತು. ನಾಳೆ ಕೆಲಸಕ್ಕೆ ಹೋದ ಕಡೆ ಹೀಗೆ ಹೂಂ ಎನ್ನುತ್ತ ಹೋದರೆ ಗತಿ ಏನೆಂದು ಅವನಿಗೆ ನಿದ್ದೆ ಬಾರದಾಗಿ, ತಾನೇ ಒಂದು ಉಪಾಯ ಮಾಡಿದ. ಹೊಸಬರು ಏನಾದರೂ ಕೇಳಿದರೆ ಮೊದಲು ನನ್ನ ಮುಖ ನೋಡು. ನಾನು ರೆಪ್ಪೆ ಇಳಿಸಿದರೆ ಹೌದು, ಇಳಿಸದಿದ್ದರೆ ಅಲ್ಲ. ಆಮೇಲಾಮೇಲೆ ನಿನಗೇ ಗೊತ್ತಾಗುತ್ತೆ. ಐದು ತಿಂಗಳು ಹಿಡಿಯಿತು. ಸರಿಯಾಗಿ ಹೇಳಿದಾಗಲೆಲ್ಲ ಒಂದು ಪೆಪ್ಪರ್‌ಮೆಂಟು. ಇನ್ನೊಂದು ಪಾಠ ಇದಕ್ಕಿಂತ ಕಷ್ಟವಾಗಿತ್ತು. ತನ್ನದು ಮುಗಿದರೆ ಪಕ್ಕದವರ ಎಳೆಗಳನ್ನೂ ಎಳೆದುಕೊಂಡು ಕೆಚ್ಚಿಬಿಡುತ್ತಿದ್ದಳು. ಬೇರೆಯವರ ಕೆಲಸ ಮುಟ್ಟಬಾರದು ಎಂದು ಅವನು ನೂರು ಸಲ ಹೇಳಿ, ನೂರಾ ಒಂದನೇ ಸಲ ಅಡಿಕೋಲಿನಿಂದ ಅವಳ ಅಂಗೈಗೆ ಹೊಡೆದಿದ್ದ. ಅವಳು ಅಳಲಿಲ್ಲ. ಅಂಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಅವನ ಮುಖ ನೋಡಿದಳು. ಅವಳ ವಿಷಯದಲ್ಲಿ ಅವನು ಕಂಡುಕೊಂಡದ್ದು ಒಂದೇ: ಕಲಿಯುವುದಕ್ಕೆ ತಿಂಗಳುಗಟ್ಟಲೆ ಬೇಕು, ಕಲಿತದ್ದು ಹೋಗುವುದಿಲ್ಲ. ಅದನ್ನು ಅವನು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದ.

ಸೊಸೈಟಿಯ ಶೆಡ್ಡು ರೈಲ್ವೆ ಸ್ಟೇಷನ್ ರಸ್ತೆಯಲ್ಲಿತ್ತು. ಪಾಪಯ್ಯ ಒಳ್ಳೆಯ ಮನುಷ್ಯ, ಸ್ವತಃ ನೇಯ್ದು ಬೆನ್ನು ಬಾಗಿಸಿಕೊಂಡವನು; ಈಗ ಸೆಕ್ರೆಟರಿಯಾದರೂ ಮೇಜಿನ ಹಿಂದೆ ಕೂರಲಾರದೆ ಮಗ್ಗಗಳ ಮಧ್ಯೆಯೇ ಓಡಾಡುತ್ತಿದ್ದ. ಹೋದ ವಾರ ಅವನೇ ಕಾಲೇಜಿಗೆ ಬಂದಿದ್ದ. ಪಿಳ್ಳಮ್ಮನ ಜೊತೆಗೇ ಕಲಿತು, ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಪಾಸಾಗಿ ಸೊಸೈಟಿಗೆ ಸೇರಿದ್ದ ಆದಿಲಕ್ಷ್ಮಮ್ಮ ಮದುವೆ ಗೊತ್ತಾಗಿ ಕೆಲಸ ಬಿಟ್ಟಿದ್ದಳು. "ಬಿಟ್ಟಿದ್ದೇ ಒಳ್ಳೇದಾಯ್ತು ಬಿಡಿ. ಹುಡುಗಿ ಚೂಟಿ, ಮಾತು ಜೋರು. ಆದ್ರೆ ಅವ್ಳು ಕೆಚ್ಚಿದ್ದು ಹಣಿಗೆ ಹಲ್ಲಿನ ಸಂದಿ ದಾಟೋ ಹೊತ್ತಿಗೆ ಪಟಪಟ ಕಿತ್ಕೊಳ್ತದೆ. ಪರೀಕ್ಷೇಲಿ ಅವ್ಳು ಮಾಡಿದ ತುಂಡು ನಾನು ನೋಡಿದ್ದೆ ಮೇಷ್ಟ್ರೇ, ನಾನೂರು ಎಳೆ, ಒಂದೂ ಕಿತ್ತಿರ್ಲಿಲ್ಲ. ಆ ಕೈ ಎಲ್ಲೋಯ್ತು ಅಂತೀನಿ? ಅಂಥ ಕೈ ಇನ್ನೊಂದಿದ್ರೆ ಕೊಡಿ, ನಾಳೇನೇ ಇಟ್ಕೋತೀನಿ" ಎಂದ. ಆದಿನಾರಾಯಣಪ್ಪ ಆಗ ಹೇಳಬಹುದಾಗಿತ್ತು. ಆ ಕೈ ಆದಿಲಕ್ಷ್ಮಮ್ಮನದಲ್ಲ ಎಂದು ಹೇಳುವುದಕ್ಕೆ ಬಾಯಿ ತೆರೆದು, "ತೂಬಗೆರೆ ಕಡೆಯ ಇನ್ನೊಬ್ಬ ಹುಡುಗಿ ಇದಾಳೆ. ಸ್ವಲ್ಪ ಮಂದ. ಒಂದ್ಸಲ ನೋಡಿ" ಎಂದಷ್ಟೇ ಹೇಳಿದ. ಕೆಲಸ ಸಿಕ್ಕಿಬಿಟ್ಟರೆ ಹಳೆಯದನ್ನು ಯಾರೂ ಕೆದಕಬೇಕಾಗಿಲ್ಲ ಎಂಬುದು ಅವನ ಲೆಕ್ಕಾಚಾರವಾಗಿತ್ತು. ಪಿಳ್ಳಮ್ಮನಿಗೆ ಜಾಗ, ಮೂರು ಅರ್ಜಿಗಳಿಗೆ ಮತ್ತೆ ದಾರಿ, ತನಗೆ ನೆಟ್ಟಗೆ ಕನ್ನಡಿ. ಒಂದು ಬೆಳಗಿನಲ್ಲಿ ಎಲ್ಲ ಸರಿಹೋಗಬಹುದೆಂದು ಅವನು ನಿಜವಾಗಿಯೂ ನಂಬಿದ್ದ.

ಅವರು ಹೋಗಿ ನಿಂತ ಸ್ವಲ್ಪ ಹೊತ್ತಿಗೆಲ್ಲ ಕರೆಂಟು ಹೋಯಿತು. ಮಗ್ಗಗಳು ಒಂದರ ಹಿಂದೊಂದು ನಿಂತವು. ಇನ್ನು ಎರಡು ಗಂಟೆ ಬರುವುದಿಲ್ಲವೆಂದು ನೇಯುವವರೆಲ್ಲ ಬೀಡಿ ಹುಡುಕುತ್ತ ಹೊರಗೆ ಹೋದರು. ಪಾಪಯ್ಯ ಮೂಲೆಯ ಮಗ್ಗ ತೋರಿಸಿ, "ಇದಕ್ಕೆ ಹೊಸ ಹಾಸು ಏರಿಸಿದೀವಿ. ಕೆಚ್ಚಲಿ, ಆದಷ್ಟು. ನಾನು ಬ್ಯಾಂಕಿಗ್ ಹೋಗ್ಬರ್ತೀನಿ. ತಾಯಮ್ಮ, ನೀನು ಗೇಟಿನ ಹತ್ರ ಕೂತಿರು. ಮನೆಯೋರು ಪಕ್ಕದಲ್ಲಿದ್ರೆ ಕೈ ಹಾಕ್ಬೇಕು ಅನ್ನಿಸ್ತದೆ" ಎಂದು ನಗುತ್ತ ಸೈಕಲ್ ಹತ್ತಿದ. ಮುನಿತಾಯಮ್ಮ ಮಗಳ ತಲೆ ಸವರಿ ಹೊರಗೆ ಹೋದಳು. ಆದಿನಾರಾಯಣಪ್ಪ ಪಿಳ್ಳಮ್ಮನನ್ನು ಮಗ್ಗದ ಹಿಂದೆ ಕೂರಿಸಿ, "ಇದು ನಿನ್ನ ಕೆಲಸ ಕಣಮ್ಮ. ಸಾಕು ಅನ್ನೋವರೆಗೂ ಮಾಡು" ಎಂದ. ಬೂದಿಯ ತಟ್ಟೆಯಲ್ಲಿ ಹೆಂಟೆಗಳಿದ್ದವು. ಅವನ್ನು ತನ್ನ ಬೆರಳಿನಿಂದಲೇ ನುಣ್ಣಗೆ ಪುಡಿ ಮಾಡಿ ಅವಳ ಮುಂದಿಟ್ಟ.

ಅವಳು ಶುರು ಮಾಡಿದಳು. ಹಳೆಯ ಎಳೆ, ಹೊಸ ಎಳೆ, ಬೂದಿ, ಹೊಸೆತ, ಒಂದು ಸಣ್ಣ ಜಗ್ಗು. ಮತ್ತೆ ಹಳೆಯದು, ಹೊಸದು. ಗವಾಕ್ಷಿಯಿಂದ ಬಿದ್ದ ಬಿಸಿಲು ಎಳೆಗಳ ಮೇಲೆ ನಿಂತಿತ್ತು. ಅವಳ ತುಟಿ ತೆರೆದುಕೊಂಡು ಎಂಜಲು ಗದ್ದಕ್ಕೆ ಬಂದರೂ ಅದು ಎಳೆಗೆ ಬೀಳುವ ಮೊದಲೇ ಭುಜಕ್ಕೆ ಒರೆಸಿಕೊಳ್ಳುತ್ತಿದ್ದಳು, ಅದೂ ಕಲಿಸಿದ್ದೇ. ಊರು ಇಷ್ಟು ನಿಶ್ಶಬ್ದವಾಗಿದ್ದು ಅವನಿಗೆ ಕಸಿವಿಸಿಯಾಯಿತು. ಏಪ್ರಿಲಿನ ಆ ದಿನವೂ ಹಾಗೇ ಇತ್ತು. ಪರೀಕ್ಷೆಯ ದಿನವೆಂದು ವಿಭಾಗದ ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ಬೆಂಗಳೂರಿನಿಂದ ಬಂದ ಪರೀಕ್ಷಕರು ಬಿಳಿ ಪ್ಯಾಂಟು ಹಾಕಿದ್ದರು, ಕರ್ಚೀಫಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತ ಒಂದೊಂದೇ ಚೌಕಟ್ಟಿನ ಎಳೆಗಳನ್ನು ಹಣಿಗೆಯಿಂದ ಎಳೆದು ನೋಡುತ್ತ ಬಂದರು. ಪಿಳ್ಳಮ್ಮನ ಚೌಕಟ್ಟಿನ ಹತ್ತಿರ ನಿಂತರು. ಎಳೆದರು. ಮತ್ತೆ ಎಳೆದರು. ಒಂದೂ ಕಿತ್ತುಕೊಳ್ಳಲಿಲ್ಲ. ಆದಿನಾರಾಯಣಪ್ಪ ಸಂತೋಷ ತಡೆಯಲಾರದೆ ಒಂದು ಹೆಜ್ಜೆ ಮುಂದೆ ಬಂದ. ಪರೀಕ್ಷಕರು ಪಿಳ್ಳಮ್ಮನನ್ನು ನೋಡಿದರು, ಅವಳ ತುಟಿಯನ್ನು ನೋಡಿದರು, ಆಮೇಲೆ ಅವನ ಕಡೆ ತಿರುಗಿ, "ಏನ್ರೀ ಇದು, ಈ ಹುಡುಗಿ ಮಾಡಿದ್ದೋ, ಮೇಷ್ಟ್ರು ಮಾಡಿದ್ದೋ? ಆಫೀಸಿನಲ್ಲಿ ಏನೇನೋ ಕೇಳಿದೆ. ಹಾಗೇನಾದ್ರೂ ಆಗಿದ್ರೆ ಹದಿನೈದು ಜನರ ಪ್ರಾಕ್ಟಿಕಲ್ಲೂ ರದ್ದು ಮಾಡ್ಬೇಕಾಗುತ್ತೆ, ಗೊತ್ತಲ್ಲ?" ಎಂದರು. ನಗುತ್ತಲೇ ಹೇಳಿದರು. ಹಾಗೇ ನಗುತ್ತ ಬಾಗಿ, "ಏನಮ್ಮಾ, ಇದು ನೀನೇ ಮಾಡಿದ್ದಾ?" ಎಂದರು.

ಪಿಳ್ಳಮ್ಮ ಕಲಿಸಿದ ಹಾಗೆ ಅವನ ಮುಖ ನೋಡಿದಳು. ರೆಪ್ಪೆ ಇಳಿಸುವುದಕ್ಕೆ ಎಷ್ಟು ಹೊತ್ತು ಬೇಕು? ಹೆದರಿಕೆಯಲ್ಲಿ ಮರೆತೆ ಎಂದು ಅವನು ಎಷ್ಟೋ ಸಲ ಹೇಳಿಕೊಂಡಿದ್ದ. ಕಣ್ಣು ತಾನಾಗಿ ಮರಗಟ್ಟಿತು, ಅದರಲ್ಲಿ ನನ್ನದೇನು ತಪ್ಪು? ಆದರೆ ಮರೆತಿರಲಿಲ್ಲ. ಅವಳು ಕಾಯುತ್ತಿದ್ದಾಳೆ ಎಂದು ಚೆನ್ನಾಗಿ ಗೊತ್ತಿತ್ತು. ಇಡೀ ಕೋಣೆಯಲ್ಲಿ ಅದು ಗೊತ್ತಿದ್ದವನು ಅವನೊಬ್ಬನೇ. ಅವಳು ಹೌದೆಂದರೆ ಇವರು ನಂಬುವುದಿಲ್ಲ ಎನ್ನಿಸಿತು, ಬೇರೆ ಹುಡುಗಿಯರ ಪರೀಕ್ಷೆ ರದ್ದಾಗುವುದು ಕಂಡಿತು, ತನ್ನ ಬಡ್ತಿಯ ಕಾಗದ ಕಂಡಿತು, ಸ್ಟಾಫ್ ರೂಮಿನ ನಗು ಕೇಳಿಸಿತು. ರೆಪ್ಪೆ ಅಲುಗಲಿಲ್ಲ. "ನಾನಲ್ಲ" ಎಂದಳು ಪಿಳ್ಳಮ್ಮ, ದಪ್ಪ ನಾಲಿಗೆಯಲ್ಲಿ, ಆದರೆ ಸ್ಪಷ್ಟವಾಗಿ. ಪಕ್ಕದ ಚೌಕಟ್ಟಿನ ಆದಿಲಕ್ಷ್ಮಮ್ಮ ಅರ್ಧ ಎದ್ದು, "ಸಾರ್, ಅವಳೇ..." ಎಂದಳು. ಅವನು ಕೈ ಮಾಡಿ ಕೂರಿಸಿದ. ಮತ್ತೆ ಯಾರದು ಎಂದರು ಪರೀಕ್ಷಕರು. ಆಗ ತನ್ನ ಬಾಯಿಂದ ಬಂದ ಮಾತು ಅವನಿಗೆ ಅಕ್ಷರ ಅಕ್ಷರವೂ ನೆನಪಿದೆ: "ಆದಿಲಕ್ಷ್ಮಮ್ಮ ಮಾಡಿರ್ಬೇಕು ಸರ್. ಚೌಕಟ್ಟು ಅದಲು ಬದಲಾಗಿರುತ್ತೆ." ಪರೀಕ್ಷಕರು ತಲೆಯಾಡಿಸಿ ಬರೆದುಕೊಂಡು ಮುಂದೆ ಹೋದರು. ಎಲ್ಲ ಮುಗಿದ ಮೇಲೆ ಪಿಳ್ಳಮ್ಮ ಅವನ ಹತ್ತಿರ ಬಂದು, "ಸರಿಯಾಗ್ ಹೇಳ್ದ್ನಾ ಸಾ?" ಎಂದು ಕೈ ಚಾಚಿದಳು. ಅವನ ಜೇಬಿನಲ್ಲಿ ಪೆಪ್ಪರ್‌ಮೆಂಟು ಇತ್ತು. ಕೊಟ್ಟ. ಯಾಕೆ ಕೊಟ್ಟೆ? ಅವಳು ಕೈ ಚಾಚಿದ್ದಳು, ಅದಕ್ಕೆ ಕೊಟ್ಟ. ಒಂದಲ್ಲ, ಎರಡು ಕೊಟ್ಟ.

ಸೈಕಲ್ಲಿನ ಸದ್ದಾಯಿತು. ಪಾಪಯ್ಯ ಒಳಗೆ ಬಂದವನೇ ಟೋಪಿ ತೆಗೆದು ಮಗ್ಗದ ಮೇಲಿಟ್ಟು, ಕುಕ್ಕರಗಾಲಿನಲ್ಲಿ ಕೂತು, ಕೆಚ್ಚಿದ ಎಳೆಗಳ ಮೇಲೆ ಅಂಗೈ ಆಡಿಸಿದ. ಒಂದು ಹಿಡಿ ಎಳೆಗಳನ್ನು ಹಿಡಿದು ಜಗ್ಗಿದ. ಇನ್ನೊಂದು ಹಿಡಿ. ಕಣ್ಣಿಗೆ ಹತ್ತಿರ ತಂದು ಒಂದು ಹೊಸೆತವನ್ನು ನೋಡಿದ. ಮುನ್ನೂರಕ್ಕೂ ಮೇಲಿದ್ದವು. "ಹೋ," ಎಂದ, "ಇದೇ ಕೈ. ಆವತ್ತಿನ ಕೈ ಇದೇನೇ." ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು. ತಲೆಯೆತ್ತಿದಾಗ ಅವನ ಕಣ್ಣು ಆದಿನಾರಾಯಣಪ್ಪನ ಬೆರಳುಗಳ ಮೇಲೆ ಬಿತ್ತು. ಬೆರಳುಗಳ ತುದಿಗೆಲ್ಲ ಬೂದಿ ಮೆತ್ತಿತ್ತು. ಪಾಪಯ್ಯನ ಮುಖದ ಸಂತೋಷ ಸ್ವಲ್ಪ ಸ್ವಲ್ಪವಾಗಿ ಹೋಗುವುದನ್ನು ಅವನು ನೋಡಿದ. "ಹೆಂಟೆ ಪುಡಿ ಮಾಡ್ಕೊಟ್ಟೆ, ಅಷ್ಟೆ" ಎಂದು ಕೈಯನ್ನು ಪಂಚೆಗೆ ಒರೆಸಿಕೊಂಡ. ಒರೆಸಿಕೊಳ್ಳಬಾರದಾಗಿತ್ತು. ಪಾಪಯ್ಯ ಪಿಳ್ಳಮ್ಮನ ಕಡೆ ತಿರುಗಿ, ಮಗುವನ್ನು ಕೇಳುವ ಹಾಗೆ ಕೇಳಿದ: "ಏನವ್ವಾ, ಇದು ನೀನೇ ಮಾಡಿದ್ದಾ?"

ಆದಿನಾರಾಯಣಪ್ಪ ರೆಪ್ಪೆ ಇಳಿಸಿದ. ಎತ್ತಿದ. ಇಳಿಸಿದ. ಅವಳು ನೋಡಲಿಲ್ಲ. ಅವಳು ಪಾಪಯ್ಯನನ್ನು ನೇರವಾಗಿ ನೋಡುತ್ತಿದ್ದಳು. ಈ ಪ್ರಶ್ನೆಗೆ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ, ಉತ್ತರ ಅವಳಿಗೆ ಗೊತ್ತಿತ್ತು. "ನಾನಲ್ಲ" ಎಂದಳು. ಗೊತ್ತಿರುವುದನ್ನು ಹೇಳುವವರ ಧೈರ್ಯ ಅವಳ ದನಿಯಲ್ಲಿತ್ತು. "ಆದಿಲಕ್ಷ್ಮಕ್ಕ."

"ಪಿಳ್ಳಮ್ಮ, ಇಲ್ಲಿ ನೋಡು, ನನ್ನ ನೋಡು" ಎಂದು ಅವನು ಬಾಗಿ ಅವಳ ಮುಂದೆ ಮುಖ ಒಡ್ಡಿ ಮತ್ತೆ ಮತ್ತೆ ರೆಪ್ಪೆ ಬಡಿದ. ನಲವತ್ತು ದಾಟಿದ ಗಂಡಸು ಮಗ್ಗದ ಸಂದಿಯಲ್ಲಿ ಬಗ್ಗಿ ಹಾಗೆ ಕಣ್ಣು ಬಡಿಯುವುದು ಹೇಗೆ ಕಾಣುತ್ತಿದೆ ಎಂಬುದು ಆ ಹೊತ್ತಿನಲ್ಲೂ ಅವನಿಗೆ ತಿಳಿಯುತ್ತಿತ್ತು. ಪಾಪಯ್ಯ ಎದ್ದು ನಿಂತ. "ಬೇಡ ಬಿಡಿ ಮೇಷ್ಟ್ರೇ. ಕಣ್ಸನ್ನೆ ಬೇರೆ ಯಾಕೆ? ಪಾಪ, ಅದಕ್ಕೆ ಸುಳ್ಳು ಹೇಳಾಕ್ ಬರಲ್ಲ."

"ಪಾಪಯ್ಯನೋರೇ, ಅವಳೇ ಮಾಡಿದ್ದು. ದೇವರಾಣೆ. ಆವತ್ತು ಪರೀಕ್ಷೇಲಿ ಮಾಡಿದ್ದೂ ಇವಳೇ. ಆವತ್ತು ಸುಳ್ಳು ಹೇಳಿದ್ದು ನಾನು." ಎಂಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡ ಮಾತು ಹೊರಗೆ ಬಂದಿತ್ತು. ಬಂದ ಮೇಲೆ ಅದಕ್ಕೆ ಯಾವ ತೂಕವೂ ಇರಲಿಲ್ಲ. ಪಾಪಯ್ಯ ಕನಿಕರದಿಂದ ಅವನ ಭುಜ ಮುಟ್ಟಿದ. ಇವನು ತನ್ನ ವಿದ್ಯಾರ್ಥಿನಿಗಾಗಿ ಎಂಥ ಸುಳ್ಳಿಗೂ ತಯಾರಾಗಿದ್ದಾನೆಂದು ಅವನಿಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. "ಆಗ್ಲಿ," ಎಂದ, "ನಿಮ್ ಮನಸ್ಸಿಗೆ ಯಾಕ್ ನೋವು? ನನ್ನೆದ್ರಿಗೇ ಹತ್ತೆಳೆ ಕೆಚ್ಲಿ. ಕೆಚ್ಚಿದ್ರೆ ನಾಳೆಯಿಂದ್ಲೇ ಬರ್ಲಿ."

"ಮಾಡಮ್ಮ. ಪಿಳ್ಳಮ್ಮ, ಮಾಡು. ಹತ್ತೇ ಎಳೆ."

ಪಿಳ್ಳಮ್ಮ ಎಳೆಗಳನ್ನು ನೋಡಿದಳು, ಅವನನ್ನು ನೋಡಿದಳು. ಎರಡು ಕೈಗಳನ್ನೂ ಸೆರಗಿನೊಳಗೆ ಸೇರಿಸಿ ಮುಚ್ಚಿಕೊಂಡಳು. "ಬ್ಯಾರೇರ್ ಕೆಲ್ಸ ಮುಟ್ಬಾರ್ದು" ಎಂದಳು. ಇದು ನಿನ್ನದೇ ಎಂದ ಅವನು. ಅವಳು ತಲೆ ಅಲ್ಲಾಡಿಸಿದಳು. ಈಗತಾನೆ ಇಬ್ಬರೆದುರಿಗೂ ಆದಿಲಕ್ಷ್ಮಕ್ಕನದು ಎಂದಾಗಿತ್ತಲ್ಲ. ಅವನು ಅವಳ ಮಣಿಕಟ್ಟು ಹಿಡಿದು ಕೈಯನ್ನು ಹೊರಗೆಳೆಯಲು ಹೋದ. ಅವಳು ಅಂಗೈಯನ್ನು ಬಿಗಿಯಾಗಿ ಮುಷ್ಟಿ ಮಾಡಿ ಎದೆಗೆ ಒತ್ತಿಕೊಂಡಳು. ಅಡಿಕೋಲಿನ ಏಟು ಅವಳಿಗೆ ನೆನಪಿತ್ತು. ಅಷ್ಟರಲ್ಲಿ ಕರೆಂಟು ಬಂತು. ಒಂದೊಂದಾಗಿ ಮಗ್ಗಗಳು ಎದ್ದವು. ನೇಯುವವರು ಒಳಗೆ ಬಂದು ಅವರಿಬ್ಬರನ್ನೂ ನೋಡುತ್ತ ತಮ್ಮ ತಮ್ಮ ಜಾಗಕ್ಕೆ ಹೋದರು. ಪಾಪಯ್ಯ ಏನೋ ಹೇಳಿದ, ಸದ್ದಿನಲ್ಲಿ ಕೇಳಿಸಲಿಲ್ಲ. ಅವನು ಬಾಯನ್ನು ಕಿವಿಗೆ ತಂದು ಜೋರಾಗಿ ಹೇಳಬೇಕಾಯಿತು: "ಬೇರೆ ಯಾರಾದ್ರೂ ಇದ್ರೆ ಹೇಳಿ ಮೇಷ್ಟ್ರೇ!"

ಬಸ್ ಸ್ಟ್ಯಾಂಡಿನವರೆಗೆ ಮೂವರೂ ನಡೆದರು. ಮುನಿತಾಯಮ್ಮ ಏನಾಯಿತೆಂದು ಕೇಳಲಿಲ್ಲ, ಕೇಳದೆ ತಿಳಿದುಕೊಂಡಿದ್ದಳು. ಅವನೇ ಹೇಳಿದ. ಕಲ್ಲು ಬೆಂಚಿನ ಹತ್ತಿರ ನಿಂತು, ಪರೀಕ್ಷೆಯ ದಿನದಿಂದ ಹಿಡಿದು ಎಲ್ಲವನ್ನೂ, ರೆಪ್ಪೆಯದನ್ನೂ, ಪೆಪ್ಪರ್‌ಮೆಂಟಿನದನ್ನೂ ಬಿಡದೆ ಹೇಳಿದ. ಹೇಳುವಾಗ ಅವಳು ತನ್ನನ್ನು ಬೈಯಲಿ ಎಂದು ಆಸೆಪಟ್ಟ. ಬೈದರೆ ಸ್ವಲ್ಪ ಹಗುರವಾದೀತು ಎಂಬ ಈ ಆಸೆಯೂ ಎಂಥ ಸ್ವಾರ್ಥ ಎನ್ನಿಸಿ ನಾಚಿಕೆಯಾಯಿತು. ಮುನಿತಾಯಮ್ಮ ರಸ್ತೆಯನ್ನು ನೋಡುತ್ತ ಕೇಳಿದಳು. ಪಿಳ್ಳಮ್ಮ ಸ್ವಲ್ಪ ದೂರದಲ್ಲಿ ನಿಂತು, ಬೆರಳಿಗೆ ಮೆತ್ತಿದ ಬೂದಿಯನ್ನು ಹೆಬ್ಬೆರಳಿನಿಂದ ಹೊಸೆಯುತ್ತಿದ್ದಳು.

"ಆವತ್ತು ಮನೇಗ್ ಬಂದವ್ಳು ಕುಣೀತಾ ಇದ್ಲು" ಎಂದಳು ಮುನಿತಾಯಮ್ಮ ಕೊನೆಗೆ. "ಒಂದು ಮಿಠಾಯಿ ತಾನ್ ತಿಂದು ಇನ್ನೊಂದ ನಂಗೆ ತಂದಿದ್ಲು. ಸರಿಯಾಗ್ ಹೇಳ್ದೆ ಕಣವ್ವ, ಮೇಷ್ಟ್ರು ಎರಡು ಕೊಟ್ರು ಅಂದ್ಲು. ಏನೇ ಹೇಳ್ದೆ ಅಂದ್ರೆ ನಗ್ತಾಳೆ. ನಾನು ಪಾಸಾಗವ್ಳೆ ಅಂದ್ಕೊಂಡು ದೇವ್ರಿಗೆ ದೀಪ ಹಚ್ಚಿದ್ದೆ." ಅವನ ಕೈಯಲ್ಲಿದ್ದ ಅವರೆಕಾಯಿಯ ಗಂಟನ್ನು ಅವನು ಅವಳ ಕಡೆ ನೀಡಿದ. ಯಾಕೆ ನೀಡಿದನೋ. ಅವಳು ತೆಗೆದುಕೊಳ್ಳಲಿಲ್ಲ. "ಕೊಟ್ಟಿದ್ದು ವಾಪಸ್ ತಗಳಾಕಿಲ್ಲ ಸಾಮಿ" ಎಂದಳು. ಬಸ್ಸು ಬಂದು ನಿಂತಿತು.

ಇನ್ನು ಮೇಲೆ ಕಲಿಸಬಹುದು ಎಂದು ಅವನು ಯೋಚಿಸುತ್ತಿದ್ದ. ಭಾನುವಾರ ಭಾನುವಾರ ತೂಬಗೆರೆಗೆ ಹೋಗಬೇಕು, ಯಾರು ಮಾಡಿದ್ದು ಎಂದು ಕೇಳಬೇಕು, ನಾನು ಎನ್ನಿಸಬೇಕು. ಐದು ತಿಂಗಳು ಹಿಡಿಯಲಿ, ಆರು ಹಿಡಿಯಲಿ. ಇವತ್ತಿನಿಂದಲೇ ಶುರು ಮಾಡಬೇಕು. ಈಗಲೇ ತಪ್ಪು ಎಂದು ಹೇಳಿಬಿಡಬೇಕು. ಪೆಪ್ಪರ್‌ಮೆಂಟು ಕೊಟ್ಟದ್ದು ತಪ್ಪು, ನೀನು ಹೇಳಿದ್ದು ತಪ್ಪು, ಕಲಿಸಿದವನು ತಪ್ಪು. ಪಿಳ್ಳಮ್ಮ ಕಿಟಕಿಯ ಪಕ್ಕ ಕುಳಿತಳು. ಸರಳುಗಳ ನಡುವೆ ಕೈ ಹೊರಗೆ ಚಾಚಿದಳು. ಅಂಗೈ ಮೇಲಾಗಿತ್ತು, ಬೆರಳ ತುದಿಗಳು ಬೂದಿಯಿಂದ ಬೆಳ್ಳಗಿದ್ದವು.

"ಸರಿಯಾಗ್ ಹೇಳ್ದ್ನಾ ಸಾ?"

ಅವಳು ಅವನ ಮುಖ ನೋಡುತ್ತ ಕಾದಳು. ಪಕ್ಕದಲ್ಲಿ ಮುನಿತಾಯಮ್ಮನೂ ನೋಡುತ್ತಿದ್ದಳು. ಅವನು ಕಣ್ಣುಗಳನ್ನು ಬಿಗಿಯಾಗಿ ತೆರೆದು ಹಿಡಿದ. ಇಳಿಸಬಾರದು. ಏನೇ ಆಗಲಿ, ಈ ಸಲ ಇಳಿಸಬಾರದು. ಕಂಡಕ್ಟರು ಸೀಟಿ ಊದಿದ, ಬಸ್ಸು ಧೂಳೆಬ್ಬಿಸಿ ಅಲುಗಿತು. ಅವಳ ಕೈ ಇನ್ನೂ ಹೊರಗೇ ಇತ್ತು. ಅವನು ಬಸ್ಸಿನ ಜೊತೆ ಎರಡು ಹೆಜ್ಜೆ ನಡೆದ. ಕಣ್ಣು ಉರಿಯಿತು, ತುಂಬಿತು, ಅವಳ ಮುಖ ಮಂಜಾಯಿತು. ತಡೆಯುವುದಕ್ಕೆ ಆಗಲಿಲ್ಲ; ರೆಪ್ಪೆಗಳು ಇಳಿದವು.

ಕಣ್ಣು ತೆರೆದಾಗ ಪಿಳ್ಳಮ್ಮ ತಾಯಿಯ ಕಡೆ ತಿರುಗಿ ನಗುತ್ತಿದ್ದಳು.